ವಿಮಾನದಾಗಿನ ಖಂಡದ ಊಟ

ಮೊದಲ ನಮ್ಮ ಹಿಪ್ಪರಗಿಯಿಂದ ಯಾರರ ಊರಿಗೆ ಹೊಂಟ್ರ "ಬುತ್ತಿ ಕಟ್ಟೀಯೇನವಾ?" ಅಂತ ಕೇಳತಿದ್ವಿ. ಈಗ ಮಗಳ ಬಾಣಂತನಕ್ಕ, ಮಗನ ಮನಿ ನೋಡಾಕ ಅಂತ ಅಮೇರಿಕಾ, ಜರ್ಮನಿ, ದುಬೈಗೆ ಹೊಂಟವರನ್ನ ಬ್ಯಾರೇನ ಕೇಳತೀವಿ. "ವಿಮಾನದಾಗ ಖಂಡದ ಊಟ ಕೊಡತಾರಂತ, ಖರೇನ? ತಿನ್ನೂ ಹಂಗ ಇರತೈತಿ? ಅದು ಎಂಥಾ ಖಂಡ?"

ಈ ಮೂರು ಪ್ರಶ್ನಿಯೊಳಗ ಮೊದಲಿನ ಎರಡನ್ನ ನಕ್ಕೋತ ಕೇಳತಾರ. ಮೂರನೇದನ್ನ ಮಾತ್ರ ದನಿ ಇಳಿಸಿ ಕೇಳತಾರ. ನಾವು ಕುರಿ, ಕೋಳಿ ತಿನ್ನೂ ಮನಿಯವರು. ಕರಿ ದಿನ, ಕಂದೂರಿ, ಜಾತ್ರಿ ಅಂದ್ರ ನಮ್ಮ ಒಲಿ ಮ್ಯಾಲ ದೊಡ್ಡ ಬೋಗಾಣಿ ಏರಬೇಕ. ಆದ್ರ ನಮ್ಮ ಮನಿ ಅಂಗಳಾ ದಾಟಿದ ಕೂಡಲೇ "ನಾ ಖಂಡ ತಿಂತೀನಿ" ಅಂತ ಬಾಯಿಬಿಟ್ಟು ಹೇಳಾಕ ನಮ್ಮ ಹೆಣ್ಮಕ್ಕಳಿಗೆ ಒಂದ ನಮೂನಿ ಸಂಕೋಚ. ಅದಕ್ಕ ಈ ಸಲ ಅದರ ಬಗ್ಗೆನ ಬರೀತೀನಿ. ರುಚಿ ಬಗ್ಗೆನೂ ಹೇಳತೀನಿ, ಹಸಗೊಂಡು ಕೂಡೂದರ ಬಗ್ಗೆನೂ ಹೇಳತೀನಿ.

ಆ ಅಡಗಿ ಎಲ್ಲಿ ಆಗತೈತಿ

ವಿಮಾನದಾಗ ಒಲಿ ಇಲ್ಲ, ಬೆಂಕಿ ಇಲ್ಲ, ಅಡಗಿ ಮಾಡಾವರೂ ಇಲ್ಲ. ನಮ್ಮ ಮುಂದ ತಂದಿಡೂ ಗಗನಸಖಿ ಆ ಊಟ ಬಿಸಿ ಮಾಡಿರತಾಳಷ್ಟ. ಅಡಗಿ ಆಗೂದು ನೆಲದ ಮ್ಯಾಲ, ವಿಮಾನ ನಿಲ್ದಾಣದ ಹತ್ರ ಇರೂ ದೊಡ್ಡ ದೊಡ್ಡ ಅಡಗಿಮನಿಯೊಳಗ. ಇಂಥಾ ಅಡಗಿಮನಿ ಮೊದಲ ಸುರು ಮಾಡಿದ್ದು ಅಮೇರಿಕಾದ ಯುನೈಟೆಡ್ ಏರ್‌ಲೈನ್ಸ್, 1936ರಾಗ. ನಮ್ಮ ದೇಶದಾಗ ತಾಜ್‌ಸ್ಯಾಟ್ಸ್‌ನಂಥಾ ಕಂಪನಿಗಳು ಈ ಕೆಲಸ ಮಾಡತಾವ. ಒಂದ ಅಡಗಿಮನಿಯಿಂದ ಬ್ಯಾರೆ ಬ್ಯಾರೆ ವಿಮಾನಕ್ಕ ದಿನಕ್ಕ ಸಾವಿರಾರು ಊಟ ಹೋಗತಾವ. ಜಾತ್ರಿ ಅಡಗಿ ದಿನಾ ಮಾಡಿಧಂಗ ತಿಳೀರಿ.

ಅಲ್ಲಿ ಖಂಡ ಪೂರಾ ಕುದ್ದ ಮ್ಯಾಲ ಅದನ್ನ ಹಂಗ ಬಿಡೂದಿಲ್ಲ. ಜೋರ ತಣ್ಣಗಿನ ಗಾಳಿ ಬಿಡೂ ಯಂತ್ರದಾಗ ಇಟ್ಟು, ತಾಸಗಟ್ಟಲೆ ಕಾಯದ, ಲಗೂನ ಸುಮಾರು 5 ಡಿಗ್ರಿಗೆ ಇಳಸತಾರ. ಅಡಗಿ ಉಗುರುಬೆಚ್ಚಗ ಇದ್ದಷ್ಟು ಹೊತ್ತು ಅದರಾಗ ರೋಗದ ಕ್ರಿಮಿ ಬೆಳೀತಾವ, ಅದಕ್ಕ ಈ ಅವಸರಾ. ಆಮ್ಯಾಲ ಸಣ್ಣ ಸಣ್ಣ ಡಬ್ಬಿಗೆ ತುಂಬಿ, ಮ್ಯಾಲ ಬೆಳ್ಳಿ ಹಾಳಿ ಮುಚ್ಚಿ, ತಣ್ಣಗಿನ ಗಾಡ್ಯಾಗ ವಿಮಾನಕ್ಕ ಒಯ್ಯತಾರ. ವಿಮಾನ ಏರಿದ ಮ್ಯಾಲ ಬಿಸಿಗಾಳಿ ಆಡೂ ಓವನ್‌ನೊಳಗ ಇಟ್ಟು ಕಾಯಸತಾರ.

ಅಂದ್ರ ಇದು ತಂಗಳ ಅಡಗಿ. ಹೊಲಸು ಅಂತ ನಾ ಹೇಳಾಕತ್ತಿಲ್ಲ. ತಂಗಳ ಅಂತ ಹೇಳಾಕತ್ತೀನಿ. ಇಷ್ಟು ತಿಳಕೊಂಡ್ರ ಏನು ತಿನ್ನಬೇಕು, ಏನು ಬಿಡಬೇಕು ಅನ್ನೂದು ನಮಗ ಯಾರೂ ಕಲಸಬೇಕಾಗಿಲ್ಲ. ತಂಗಳ ಖಂಡದ ಬಗ್ಗೆ ನಮಗಿಂತ ಹೆಚ್ಚ ಗೊತ್ತಿದ್ದವರು ಯಾರದಾರ?

ಸಾರಿದ್ರ ತಿನ್ರಿ, ಒಣಾದು ಬಿಡ್ರಿ

ಕರಿ ದಿನಾ ಮಾಡಿದ ಕುರಿ ಸಾರು ಮರುದಿನಾ ಮುಂಜಾನೆ ಕಾಯಿಸಿ ಕಟಕ ರೊಟ್ಟಿ ಮುರಿದು ಹಾಕ್ಕೊಂಡ್ರ ಹೆಂಗ ಇರತೈತಿ? ಮೊದಲ ದಿನಕ್ಕಿಂತ ಛಲೋ ಇರತೈತಿ. ಕುರಿಯ ಕಾಲು, ಕುತ್ತಿಗಿ ಖಂಡದಾಗ ಇರೂ ನಾರು ನಿಧಾನಕ್ಕ ಕುದ್ದು ಕರಗಿ ಅಂಟ ಆಗತೈತಿ, ಅದು ಖಂಡಾನ್ನ ಮೆತ್ತಗ ಇಡತೈತಿ, ಸಾರಿಗೆ ಗಟ್ಟಿತನಾ ಕೊಡತೈತಿ. ರಾತ್ರಿ ಪೂರಾ ಖಾರ, ಉಪ್ಪು ಒಳಗ ಇಳದಿರತಾವ.

ಅದೇ ಒಣಾ ಹುರಿದ ಕೋಳಿ ಮರುದಿನಾ ಕಾಯಸ್ರಿ. ಎದಿ ಭಾಗದ ತುಣುಕಂತೂ ಹತ್ತಿ ತಿಂಧಂಗ. ಕೋಳಿ ಎದ್ಯಾಗ ಕೊಬ್ಬೂ ಇಲ್ಲ, ನಾರೂ ಕಡಿಮಿ. ಮೊದಲನೇ ಸಲ ಕುದಿಯೂ ಮುಂದ ಅದರ ನೀರು ಒಂದಿಷ್ಟು ಹೋಗಿರತೈತಿ, ಎರಡನೇ ಸಲ ಓವನ್ನಿನ ಒಣಾ ಬಿಸಿಗಾಳ್ಯಾಗ ಉಳದದ್ದೂ ಹೋಗತೈತಿ. ಮ್ಯಾಲ ಕುದ್ದ ಖಂಡದ ಕೊಬ್ಬು ಗಾಳಿ ಹತ್ತಿ ಒಂದ ನಮೂನಿ ಮುಗ್ಗಲ ವಾಸನಿ ಬರತೈತಿ. ನಮ್ಮ ಮಸಾಲಿಯ ಲವಂಗ, ಚಕ್ಕಿ ಅದನ್ನ ತಡೀತಾವ. ಬರೇ ಉಪ್ಪು ಮೆಣಸು ಹಾಕಿ ಸುಟ್ಟ ಕೋಳಿಯೊಳಗ ಅದು ಗೊತ್ತಾಗತೈತಿ.

ಇದನ್ನ ದೊಡ್ಡ ದೊಡ್ಡ ಬಾಣಸಿಗರೂ ಕಂಡಕೊಂಡಾರ. 1973ರಾಗ ಫ್ರಾನ್ಸಿನ ಯುಟಿಎ ಅನ್ನೂ ವಿಮಾನ ಕಂಪನಿ ತನ್ನ ಊಟ ಸುಧಾರಸಾಕ ರೇಮೊಂ ಒಲಿವೇ ಅನ್ನೂ ಹೆಸರಾಂತ ಬಾಣಸಿಗನ್ನ ಕರಸ್ತು. ಅಂವಾ ಹೇಳಿದ್ದು ಇದನ್ನ: ಒಣಾ ಖಂಡ ಬ್ಯಾಡ, ರಸದಾಗ ನಿಧಾನಕ್ಕ ಕುದಿಸಿದ್ದು ಕೊಡ್ರಿ, ಅದು ಎರಡನೇ ಸಲ ಕಾಯಿಸಿದ್ರೂ ಒಣಗೂದಿಲ್ಲ. ಅಂವಾ ಫ್ರಾನ್ಸಿನ ದೊಡ್ಡ ಅಡಗಿಮನ್ಯಾಗ ನಿಂತು ಹೇಳಿದ. ನಮ್ಮ ಅಜ್ಜಿ ಹಿತ್ತಲದಾಗಿನ ಒಲಿ ಮುಂದ ಕುಂತು ಹೇಳಿದ್ಲು.

ಅದಕ್ಕ ಗಗನಸಖಿ ಬಂದು ಎರಡು ಹೆಸರು ಹೇಳಿದ್ರ, ಯಾವುದಕ್ಕ ಕರಿ, ಮಸಾಲಾ, ಸ್ಟ್ಯೂ ಅಂತ ಐತೋ ಅದನ್ನ ತಗೋರಿ. ಗ್ರಿಲ್ಡ್, ರೋಸ್ಟ್ ಅಂದದ್ದನ್ನ ಬಿಡ್ರಿ. ಕುರಿ ಕೋಳಿ ಎರಡೂ ರಸದಾಗ ಇದ್ರ ಕುರಿ ತಗೋರಿ.

ಎಲುಬು ಮಾತ್ರ ಹುಡುಕಬ್ಯಾಡ್ರಿ, ಸಿಗೂದಿಲ್ಲ. ಸಣ್ಣ ಡಬ್ಬಿ, ಇಕ್ಕಟ್ಟಿನ ಸೀಟು, ಪಕ್ಕದಾಗ ಗುರುತಿಲ್ಲದ ಮಂದಿ. ಎಲುಬು ಚೀಪೂ ಜಾಗಾ ಅಲ್ಲ ಅದು. ಚಾಕೂನೂ ಎಷ್ಟೋ ವಿಮಾನದಾಗ ಪ್ಲಾಸ್ಟಿಕ್ಕಿಂದು ಇಲ್ಲಾ ಕಟ್ಟಿಗಿದು. 2001ರಾಗ ಅಮೇರಿಕಾದಾಗ ವಿಮಾನ ಅಪಹರಿಸಿ ಕಟ್ಟಡಕ್ಕ ಹೊಡೆದ ಮ್ಯಾಲ ಕಬ್ಬಿಣದ ಚಾಕೂ ಬಂದ ಮಾಡಿದ್ರು. ಅದಕ್ಕ ಖಂಡ ಮೆತ್ತಗ, ಸಣ್ಣ ತುಣುಕು ಇರಬೇಕು. ಎಲುಬಿಲ್ಲದ ಖಂಡಕ್ಕ ರುಚಿ ಒಂದಪಟ್ಟು ಕಡಿಮಿ ಅನ್ನೂದು ನಮಗ ಗೊತ್ತಿದ್ದದ್ದ.

ನಾಲಿಗಿನೂ ನಮ್ಮ ಮಾತು ಕೇಳೂದಿಲ್ಲ

"ಎಷ್ಟ ಸಪ್ಪಗ ಇತ್ತವಾ, ಉಪ್ಪಿಲ್ಲ ಖಾರಿಲ್ಲ" ಅಂತ ಹೋಗಿ ಬಂದವರು ಅಂತಾರ. ಅದರಾಗ ಅರ್ಧಾ ತಪ್ಪು ಅಡಗಿದು, ಅರ್ಧಾ ನಮ್ಮ ಬಾಯಿದು.

ವಿಮಾನ 35,000 ಫೂಟ ಎತ್ತರದಾಗ ಹಾರತಿರತೈತಿ. ಒಳಗ ನಮಗ ಉಸಿರಾಡಾಕ ಬರಲಿ ಅಂತ ಗಾಳಿ ಒತ್ತಿ ತುಂಬಿರತಾರ. ಆದ್ರೂ ನೆಲದ ಮ್ಯಾಲಿನಷ್ಟು ಅಲ್ಲ, 6,000ದಿಂದ 8,000 ಫೂಟ ಎತ್ತರದ ಗುಡ್ಡದ ಮ್ಯಾಲ ಇದ್ದಷ್ಟು. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ತುದಿ, ಇಲ್ಲಾ ಊಟಿ, ಅಷ್ಟು ಎತ್ತರದಾಗ ಕುಂತು ಉಂಡಂಗ. ಮ್ಯಾಲ ಗಾಳ್ಯಾಗ ಹಸಿ ಭಾಳ ಕಡಿಮಿ, ಶೇಕಡಾ 20ಕ್ಕಿಂತಾ ಕೆಳಗ. ಮೂಗು, ಬಾಯಿ ಒಣಗತಾವ. ನೆಗಡಿ ಬಂದಾಗ ಊಟ ರುಚಿ ಹತ್ತೂದಿಲ್ಲಲಾ, ಹಂಗ. ರುಚಿಯೊಳಗ ದೊಡ್ಡ ಪಾಲು ವಾಸನಿದು.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾ ಕಂಪನಿಗೋಸ್ಕರ ಇದನ್ನ ಪರೀಕ್ಷಾ ಮಾಡಿ ನೋಡ್ಯಾರ. ಹಳೇ ವಿಮಾನದ ಒಂದ ಭಾಗಾನ ತಂದು ನೆಲದ ಮ್ಯಾಲಿಟ್ಟು, ಒಳಗ ಗಾಳಿ ಒತ್ತಡಾ ಇಳಿಸಿ, ಸದ್ದು ಹಚ್ಚಿ, ಮಂದಿನ್ನ ಕುಂಡ್ರಿಸಿ ಉಣಿಸಿದ್ರು. ಉಪ್ಪಿನ ರುಚಿ ಶೇಕಡಾ 20ರಿಂದ 30, ಸಕ್ರಿ ರುಚಿ 15ರಿಂದ 20 ಕಡಿಮಿ ಗೊತ್ತಾತು. ಸದ್ದಿನಿಂದನೂ ರುಚಿ ಬದಲಾಗತೈತಿ. ಅಮೇರಿಕಾದ ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಾಗ ತೋರಿಸಿದ್ರು: ವಿಮಾನದಂಥಾ ಗದ್ದಲದಾಗ ಸಿಹಿ ಕಡಿಮಿ ಹತ್ತತೈತಿ, ಆದ್ರ ಟೊಮ್ಯಾಟೊ, ಖಂಡದ ಸಾರು ಇಂಥಾದ್ರಾಗ ಇರೂ ಆ ಗಟ್ಟಿ ರುಚಿ, ಉಮಾಮಿ ಅಂತಾರಲಾ, ಅದು ಹೆಚ್ಚಗಿನ ಹತ್ತತೈತಿ.

ಹಂಗಾದ್ರ ವಿಮಾನಕ್ಕ ಹೇಳಿ ಮಾಡಿಸಿದ ಅಡಗಿ ಯಾವುದು? ಉಳ್ಳಾಗಡ್ಡಿ, ಒಣಕೊಬ್ರಿ ಕೆಂಪಗ ಹುರಿದು ಅರದು, ಟೊಮ್ಯಾಟೊ ಹಾಕಿ, ಬಳ್ಳೊಳ್ಳಿ ಮುಂದ ಮಾಡಿ, ಮಸಾಲಿ ಖಾರ ಹಚ್ಚಿ ಕುದಿಸಿದ ನಮ್ಮ ಕುರಿ ಸಾರು! ಕೊಲ್ಲಾಪುರದ ತಾಂಬಡಾ ರಸ್ಸಾನೂ ನಡೀತೈತಿ. ಆದ್ರ ಯಾವ ಕಂಪನಿಯವರೂ ನಮ್ಮ ಒಲಿತನಾ ಬಂದಿಲ್ಲ. ಎಲ್ಲಾ ದೇಶದವರೂ ತಿನ್ನಬೇಕಂತ ಖಾರ ಕಡಿಮಿ ಮಾಡಿನ ಕಳಸತಾರ. ಹಿಂಗಾಗಿ ಒಂದ ಸಣ್ಣ ಪೊಟ್ಟಣದಾಗ ಶೇಂಗಾ ಚಟ್ನಿ ಇಲ್ಲಾ ಗುರೆಳ್ಳ ಚಟ್ನಿ ಪುಡಿ ಕೈಚೀಲದಾಗ ಇಟ್ಕೊರಿ. ಸಪ್ಪನ್ನ ಕೋಳಿ ಮ್ಯಾಲ ಎರಡು ಚಿಟಿಕಿ ಉದುರಿಸಿ ನೋಡ್ರಿ.

ಎಂಥಾ ಖಂಡ ಅದು

ಈಗ ದನಿ ಇಳಿಸಿ ಕೇಳೂ ಪ್ರಶ್ನಿಗೆ ಬರತೀನಿ. ರುಚಿ ಇರದಿದ್ರ ನಡೀತೈತಿ. ಹಸಗೊಂಡು ಹತ್ತು ತಾಸು ಕುಂತ್ರ ನಡಿಯೂದಿಲ್ಲ, ಅದೂ ನಮ್ಮ ಅವ್ವ, ಅತ್ತಿ ವಯಸ್ಸಿನವರಿಗೆ.

ನಮ್ಮ ಚಿಗವ್ವ ಮಗಳ ಬಾಣಂತನಕ್ಕ ಅಮೇರಿಕಾಕ್ಕ ಹೋದ್ಲು. ಬೆಂಗಳೂರಿಂದ ಯುರೋಪಿನ ಒಂದ ಊರಿನ ತನಾ ಒಂದ ವಿಮಾನ, ಅಲ್ಲಿಂದ ಮುಂದ ಇನ್ನೊಂದು. ಮೊದಲನೇ ವಿಮಾನದಾಗ ಕೋಳಿ ಸಾರು ಅನ್ನ ಕೊಟ್ರು, ಉಂಡ್ಲು. ಕನ್ನಡ ಮಾತಾಡೂ ಹುಡುಗಿ ಪಕ್ಕದಾಗ ಇದ್ಲಂತ. ಎರಡನೇದ್ರಾಗ ಯಾರೂ ಇರಲಿಲ್ಲ. ಗಗನಸಖಿ ಬಂದು "ಬೀಫ್ ಆರ್ ಪಾಸ್ತಾ" ಅಂದ್ಲು. ಇಕಿಗೆ ಒಂದೂ ತಿಳೀಲಿಲ್ಲ. ಡಬ್ಬಿ ತಗದು ನೋಡಿದ್ರ ಕರ್ರಗಿನ ಖಂಡದ ತುಣುಕು. ಕುರಿ ಅಲ್ಲ ಅಂತ ಕಣ್ಣಿಗೆನ ಗೊತ್ತಾತು. ಮುಚ್ಚಿ ಸರಿಸಿದ್ಲು. ಬ್ಯಾರೆ ಕೇಳಾಕ ಭಾಷಾ ಇಲ್ಲ. ಒಂದ ಬನ್ನು, ಎರಡು ಬಿಸ್ಕೀಟು, ಅಷ್ಟರ ಮ್ಯಾಲ ಒಂಬತ್ತು ತಾಸು. ಆದ್ರ ದಿನದ ರೂಢಿಯಂಗ ಸಕ್ರಿ ಗುಳಿಗಿ ಮಾತ್ರ ನುಂಗಿದ್ಲು. ಇಳಿಯೂ ಹೊತ್ತಿಗೆ ಮೈ ಬೆವತು, ಕೈ ನಡುಗಿ, ಕಣ್ಣು ಕತ್ತಲಿ ಬಂದು ಕುಸದ್ಲು. ಹಣ್ಣಿನ ರಸಾ ಕುಡಿಸಿ, ಗಾಲಿ ಕುರ್ಚ್ಯಾಗ ಕುಂಡ್ರಿಸಿ ಇಳಿಸಿದ್ರಂತ. ಮಗಳು ಹೊರಗ ಒಂಬತ್ತು ತಿಂಗಳ ಹೊಟ್ಟಿ ಹೊತ್ತು ನಿಂತಾಳ, ಅವ್ವ ಕುರ್ಚ್ಯಾಗ ಬಂದ್ಲು.

ಸಕ್ರಿ ಗುಳಿಗಿ ತಗೊಂಡು ಊಟಾ ಬಿಟ್ರ ರಕ್ತದಾಗಿನ ಸಕ್ರಿ ಇಳದಬಿಡತೈತಿ. ಇನ್ಸುಲಿನ್ ತಗೊಳ್ಳಾವರಿಗಂತೂ ಇದು ಜೀವದ ಮಾತು. ಹೊರಡೂಕಿಂತ ಮೊದಲ, ವಿಮಾನದಾಗ ಗುಳಿಗಿ ಯಾವಾಗ ತಗೋಬೇಕು ಅಂತ ನಿಮ್ಮ ಡಾಕ್ಟರನ್ನ ಕೇಳ್ರಿ. ಊರಿನ ವ್ಯಾಳೆ, ಅಲ್ಲಿನ ವ್ಯಾಳೆ ಎರಡೂ ಬ್ಯಾರೆ ಇರತಾವ.

ಇನ್ನ ಖಂಡದ ಹೆಸರು. ಇವನ್ನ ಒಂದ ಚೀಟ್ಯಾಗ ಬರದು ಅವ್ವನ ಪರ್ಸಿನ್ಯಾಗ ಇಡ್ರಿ. ಚಿಕನ್ ಅಂದ್ರ ಕೋಳಿ, ಅದು ಎಲ್ಲಾರಿಗೂ ಗೊತ್ತು. ಲ್ಯಾಂಬ್ ಅಂದ್ರ ಎಳಿ ಕುರಿ. ಫಿಶ್ ಅಂದ್ರ ಮೀನ. ಟರ್ಕಿ ಅಂದ್ರ ಕೋಳಿಗಿಂತ ದೊಡ್ಡ ಒಂದ ಹಕ್ಕಿ. ಬೀಫ್ ಅಂದ್ರ ದನದ್ದು. ವೀಲ್ ಅಂದ್ರ ಕರುವಿಂದು. ಪೋರ್ಕ್, ಹ್ಯಾಮ್, ಬೇಕನ್ ಮೂರೂ ಹಂದಿವ. ಯಾರು ಯಾವುದು ತಿನ್ನಬೇಕು, ಬಿಡಬೇಕು ಅನ್ನೂದು ಅವರವರ ಮನಿ ಮಾತು. ಹೆಸರು ಗೊತ್ತಿದ್ರ ಆರಿಸಾಕ ಬರತೈತಿ, ಇಷ್ಟ ನಾ ಹೇಳೂದು.

ಭಾರತದಿಂದ ಹೊರಡೂ ವಿಮಾನದಾಗ ಹೆಚ್ಚಾಗಿ ಕೋಳಿ, ಕುರಿ, ಮೀನ ಇರತಾವ, ಕಂಪನಿಯವರಿಗೆ ನಮ್ಮ ಮಂದಿ ಗೊತ್ತು. ವ್ಯತ್ಯಾಸ ಆಗೂದು ನಡುವ ಇಳಿದು ಹತ್ತೂ ಎರಡನೇ ವಿಮಾನದಾಗ.

ಟಿಕೀಟ ತಗಿಯೂ ಮುಂದನ ಹೇಳ್ರಿ

ಇದಕ್ಕ ಉಪಾಯ ಐತಿ, ರೊಕ್ಕಾನೂ ಕೊಡಬೇಕಾಗಿಲ್ಲ. ದೂರದ ವಿಮಾನದಾಗ ಟಿಕೀಟ ತಗಸೂ ಮುಂದ ಇಲ್ಲಾ ಆಮ್ಯಾಲ, ವಿಮಾನ ಹೊರಡೂದಕ್ಕ ಕಡಿಮಿ ಅಂದ್ರ 24 ತಾಸು ಮೊದಲ, "ಸ್ಪೆಷಲ್ ಮೀಲ್" ಅಂತ ಆರಿಸಾಕ ಬರತೈತಿ. ಕೆಲವು ಕಂಪನಿ 48 ತಾಸು ಕೇಳತಾವ. ಹೆಂಗೂ ಟಿಕೀಟ ತಗಸೂದು ಮಕ್ಕಳು, ಅವರಿಗೆ ನೆನಪ ಮಾಡ್ರಿ.

ಇದರಾಗ "ಹಿಂದೂ ಮೀಲ್" ಅಂತ ಒಂದೈತಿ, ಅದರ ಗುರ್ತು ಎಚ್‌ಎನ್‌ಎಂಎಲ್. ಹೆಸರು ಕೇಳಿ ಇದು ಕಾಯಿಪಲ್ಲೆದ ಊಟ ಅಂತ ಭಾಳ ಮಂದಿ ತಿಳೀತಾರ. ಅಲ್ಲ. ಇದು ದನದ ಖಂಡ ಇಲ್ಲದ, ಕುರಿ, ಕೋಳಿ, ಮೀನ ಇರೂ ಊಟ. ನಮ್ಮಂಥಾವರಿಗೆ ಇದ ಬೇಕು. ಪೂರಾ ಕಾಯಿಪಲ್ಲೆ ಬೇಕಾದವರಿಗೆ ಎವಿಎಂಎಲ್, ಅದು ನಮ್ಮ ದೇಶದ ಮಸಾಲಿ ಹಾಕಿದ್ದು. ಉಳ್ಳಾಗಡ್ಡಿ, ಗಡ್ಡಿ ಗೆಣಸು ತಿನ್ನದ ಜೈನರಿಗೆ ವಿಜೆಎಂಎಲ್. ಮುಸಲ್ಮಾನರ ಹಲಾಲ್ ಊಟಕ್ಕ ಎಂಒಎಂಎಲ್. ಸಕ್ರಿ ಬ್ಯಾನಿಯವರಿಗೆ ಡಿಬಿಎಂಎಲ್. ಆದ್ರ ಒಂದ ಸೀಟಿಗೆ ಒಂದ ನಮೂನಿ ಊಟ. ಸಕ್ರಿ ಊಟ ತಗೊಂಡ್ರ ಅದರಾಗ ಯಾವ ಖಂಡ ಬರತೈತಿ ಅಂತ ಕೇಳೇ ತಗೋಬೇಕು.

2018ರ ಜುಲೈದಾಗ ದುಬೈದ ಎಮಿರೇಟ್ಸ್ ಕಂಪನಿಯವರು ಈ ಹಿಂದೂ ಮೀಲ್ ಬಂದ ಮಾಡತೀವಿ ಅಂತ ಹೇಳಿದ್ರು. ಮಂದಿ ಗದ್ದಲಾ ಎಬ್ಬಿಸಿದ್ರು, ಕಂಪನಿಯವರು ಲಗೂನ ಮಾತು ಹಿಂದ ತಗೊಂಡ್ರು. ಕೇಳಿದ್ರ ಕೊಡತಾರ ಅನ್ನೂದಕ್ಕ ಇದಕ್ಕಿಂತಾ ಬ್ಯಾರೆ ಸಾಕ್ಷಿ ಬೇಕೇನು? ಇನ್ನೊಂದ ಲಾಭ ಐತಿ, ಸ್ಪೆಷಲ್ ಊಟ ಹೇಳಿದವರಿಗೆ ಎಲ್ಲಾರಕಿಂತ ಮೊದಲ ತಂದು ಕೊಡತಾರ. ಸೀಟಿನ ನಂಬರ ಮ್ಯಾಲ ಬರತೈತಿ, ಅದಕ್ಕ ಸೀಟು ಬದಲಿ ಮಾಡಿದ್ರ ಗಗನಸಖಿಗೆ ಹೇಳ್ರಿ.

ದೇಶದ ಒಳಗಿನ ವಿಮಾನದ ಮಾತು ಬ್ಯಾರೆ. ಬೆಳಗಾವಿಯ ಸಾಂಬ್ರಾ ಇಲ್ಲಾ ಹುಬ್ಬಳ್ಳಿಯಿಂದ ಬೆಂಗಳೂರಿಗೆ ತಾಸಿನ ದಾರಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಾಗ ಏರ್ ಡೆಕ್ಕನ್ ಸುರು ಮಾಡಿದಾಗ ಪುಕ್ಕಟ ಊಟಾನ ತಗದು ಟಿಕೀಟ ಸೋವಿ ಮಾಡಿದ್ರು. ಅವತ್ತಿನಿಂದ ಸೋವಿ ವಿಮಾನದಾಗ ಬೇಕಾದವರು ರೊಕ್ಕಾ ಕೊಟ್ಟು ತಗೊಳ್ಳೂದು ರೂಢಿ ಆತು. ಏರ್ ಇಂಡಿಯಾ 2017ರ ಜುಲೈದಾಗ ದೇಶದ ಒಳಗ ಎಕಾನಮಿ ಸೀಟಿನವರಿಗೆ ಖಂಡದ ಊಟಾನ ನಿಲ್ಲಿಸ್ತು. ಖರ್ಚು ಉಳೀತೈತಿ, ಊಟ ಹಾಳಾಗೂದು ತಪ್ಪತೈತಿ, ಎರಡೂ ಕಲಬೆರಕಿ ಆಗೂದಿಲ್ಲ ಅಂತ ಕಾರಣಾ ಕೊಟ್ರು. 2022ರಾಗ ಟಾಟಾದವರ ಕೈಗೆ ಬಂದ ಮ್ಯಾಲ ಹೊಸಾ ಮೆನುದಾಗ ಮತ್ತ ಕೋಳಿ ಬಂತು. ತಾಸಿನ ದಾರಿಗೆ ಖಂಡ ಇರದಿದ್ರ ಏನೂ ಲುಕ್ಸಾನಿಲ್ಲ. ಮನ್ಯಾಗ ಉಂಡು ಹೋಗ್ರಿ.

ಬುತ್ತಿಯಾಗ ಏನ ಒಯ್ಯಬೇಕು

"ಇಷ್ಟ ಯಾಕ, ಮನ್ಯಾಗಿಂದ ಸುಕ್ಕಾ ಮಾಡ್ಕೊಂಡು ಹೋಗತೀನಿ" ಅನ್ನಬ್ಯಾಡ್ರಿ. ಅಮೇರಿಕಾ, ಇಂಗ್ಲೆಂಡ್, ಆಸ್ಟ್ರೇಲಿಯಾದಾಗ ಹೊರಗಿನ ಖಂಡ ಒಳಗ ಬಿಡೂದಿಲ್ಲ, ಕುದಿಸಿದ್ದಿದ್ರೂ ಒಣಗಿಸಿದ್ದಿದ್ರೂ. ದನಕರುಗಳ ರೋಗ ಬರಬಾರದಂತ ಈ ಕಾಯ್ದೆ. ಮುಚ್ಚಿಟ್ಟು ಸಿಕ್ರ ದಂಡಾ ಹಾಕತಾರ. ಮಗಳಿಗೆ ಅಂತ ಖೀಮಾ ಒಯ್ದು ಕಸದ ಬುಟ್ಟ್ಯಾಗ ಹಾಕಿಸಿಕೊಂಡು ಬಂದವರು ಅದಾರ. ಇಡೀ ಒಣಕೊಬ್ರಿ ಬಟ್ಲಾನೂ ಬ್ಯಾಡ, ಅದರಾಗ ಎಣ್ಣಿ ಭಾಳ, ಬೆಂಕಿ ಹತ್ತೂ ವಸ್ತು ಅಂತ ತಡೀತಾರ. ಉಪ್ಪಿನಕಾಯಿ, ತುಪ್ಪಾ ಕೈಚೀಲದಾಗ 100 ಮಿಲಿಗಿಂತಾ ಹೆಚ್ಚ ನಡಿಯೂದಿಲ್ಲ.

ಕಟಕ ರೊಟ್ಟಿ, ಚಟ್ನಿ ಪುಡಿ, ಶೇಂಗಾ ಹೋಳಿಗಿ ಒಯ್ಯಾಕ ಅಡ್ಡಿ ಇಲ್ಲ. ಊಟ ಬರಾಕ ತಡಾ ಆದ್ರ, ಬಂದದ್ದು ತಿನ್ನಾಕ ಬರದಿದ್ರ, ಎರಡು ರೊಟ್ಟಿ ಹೊಟ್ಟಿ ಹಿಡೀತಾವ. ಸಕ್ರಿ ಬ್ಯಾನಿಯವರು ನಾಲ್ಕು ಖರ್ಜೂರಾ ಇಲ್ಲಾ ಗ್ಲೂಕೋಸ್ ಪುಡಿ ಕೈಗೆ ಸಿಗೂ ಹಂಗ ಇಟ್ಕೊಬೇಕು. ಇಳಿದ ಮ್ಯಾಲ ಅಲ್ಲಿ ಕೊಡೂ ಕಾಗದದಾಗ ತಿನ್ನೂ ಸಾಮಾನ ಐತಿ ಅಂತ ಬರೀರಿ.

ಸಂಕೋಚದ ಮಾತು

ಇನ್ನ ಒಂದ ಮಾತು ಉಳೀತು. ಪಕ್ಕದ ಸೀಟಿನ್ಯಾಗ ಮಡಿ ಮನಿಯ ಅವ್ವಾರು ಕುಂತಿರತಾರ, ಕೊರಳಾಗ ಲಿಂಗ, ಹಣಿಗೆ ವಿಭೂತಿ. ಗಗನಸಖಿ ಎಲ್ಲಾರಿಗೂ ಕೇಳೂ ಹಂಗ "ವೆಜ್ ಆರ್ ನಾನ್‌ವೆಜ್?" ಅಂತಾಳ. ನಮ್ಮಾಕಿ ಗಪ್ಪನ "ವೆಜ್" ಅಂದಬಿಡತಾಳ. ಮನ್ಯಾಗ ಎರಡು ರೊಟ್ಟಿ ಕುರಿ ಸಾರಿನ್ಯಾಗ ಹಚ್ಚಿ ತಿನ್ನೂ ಹೆಣ್ಮಗಳು ಅಲ್ಲಿ ಸಪ್ಪನ್ನ ಪನೀರ ನುಂಗತಾಳ. ಬಾಜೂದವರು ಕುಂತಾಗ ತಿನ್ನಾಕ ಮನಸ್ಸು ಬರಲಿಲ್ಲ ಅಂದ್ರ ಅದು ಅಕಿ ಮರ್ಯಾದಿ, ನಾ ಏನೂ ಅನ್ನೂದಿಲ್ಲ. ಆದ್ರ ನಾಚಿ ಹಸದಿದ್ರ ಅದಕ್ಕ ಅರ್ಥಿಲ್ಲ. ಅವರ ತಾಟು ಅವರ ಮುಂದ, ನಮ್ಮ ತಾಟು ನಮ್ಮ ಮುಂದ. ಡಬ್ಬಿ ಮುಚ್ಚಳಾ ತಗಿಯೂಕಿಂತ ಮೊದಲ "ಅಕ್ಕಾರ, ಇದರಾಗ ಕೋಳಿ ಐತ್ರಿ, ನಿಮಗ ನಡೀತೈತೇನ್ರಿ?" ಅಂತ ಕೇಳ್ರಿ. ಎಷ್ಟೋ ಸಲ ಅವರ "ಉಣ್ರಿ ಅವ್ವಾ, ದೂರದ ದಾರಿ" ಅಂತಾರ. ನಡಿಯೂದಿಲ್ಲ ಅಂದ್ರ ಗಗನಸಖಿಗೆ ಹೇಳಿದ್ರ ಸೀಟು ಖಾಲಿ ಇದ್ದಲ್ಲೆ ಬದಲಿ ಮಾಡಿ ಕೊಡತಾಳ.

ಚಿಗವ್ವ ಮುಂದ ತಿರುಗಿ ಬರೂ ಮುಂದ ಅಳಿಯಾ ಎರಡೂ ವಿಮಾನಕ್ಕ ಹಿಂದೂ ಮೀಲ್ ಹೇಳಿ ಕಳಿಸಿದ್ದ. ಕುರಿ ಬಂತಂತ, ರಸದಾಗ. "ಉಪ್ಪು ಕಡಿಮಿ ಇತ್ತು, ಎಲುಬು ಇರಲಿಲ್ಲ, ಆದ್ರ ಕುರಿನ ಇತ್ತವಾ, ಹೊಟ್ಟಿ ತುಂಬ ಉಂಡೆ" ಅಂದ್ಲು.

ದೀಪಾವಳಿ ಆದ ಮ್ಯಾಲ ನಮ್ಮ ಓಣಿಯವರು ಇಬ್ಬರು ಹೊಂಟಾರಂತ ಕೇಳೀನಿ. ಟಿಕೀಟಿನ ಕಾಗದಾ, ಗುಳಿಗಿ ಚೀಟಿ ಎರಡೂ ತಗೊಂಡು ಒಂದ ಸಂಜಿಗೆ ನಮ್ಮ ಕಟ್ಟಿಗೆ ಬರ್ರಿ. ಊಟದ್ದು ಹೇಳೂದು ಐದು ಮಿನೀಟಿನ ಕೆಲಸ, ಖಂಡದ ಹೆಸರಿನ ಚೀಟಿನೂ ಕನ್ನಡದಾಗ ದೊಡ್ಡ ಅಕ್ಷರದಾಗ ಬರದು ಕೊಡತೀನಿ.